ಪಾಳಿ ಬಿಡದ ಕಾಕಾ

ನೀರಿಲ್ಲದೆ ಗಿಡ ಸಾಯಿಸಿದವರನ್ನು ನಮ್ಮ ಕಡೆ ಎಷ್ಟು ಬೇಕಾದರೂ ಕಾಣಬಹುದು. ನೀರು ಹಾಕಿ ಹಾಕಿ ಸಾಯಿಸಿದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡುತ್ತೇನೆ. ಆದರೆ ಮೊದಲು ನನ್ನ ಇಪ್ಪತ್ತೆರಡು ಬದನೆ ಗಿಡಗಳ ವಿಷಯ ಮುಗಿಯಲಿ.

ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಮ್ಮದು ಜೋಡಿ ಕ್ವಾರ್ಟರ್ಸು. ನಡುವೆ ಒಂದು ಗೋಡೆ, ಆಚೆ ಈಚೆ ಎರಡು ಮನೆ, ಹಿಂದೆ ಎರಡಕ್ಕೂ ಸೇರಿ ಒಂದೇ ಹಿತ್ತಲು. ನನ್ನ ಯಜಮಾನರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ನಾನು ಶಾಲೆಯಲ್ಲಿ ಕಲಿಸುತ್ತೇನೆ, ಹೀಗಾಗಿ ಇಡೀ ಕ್ಯಾಂಪಿಗೆ ಅಕ್ಕೋರು. ಗೋಡೆಯ ಆಚೆ ಇದ್ದವರು ಇವರು. ಕಾಲುವೆಯ ಗೇಟು ಎತ್ತುವ, ಇಳಿಸುವ ಕೆಲಸ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು, ಅದನ್ನು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ. ದೊಡ್ಡವರಿಗೂ ಸಣ್ಣವರಿಗೂ ಗೇಟಿನ ಕಾಕಾ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಸುರಪುರದ ಕಡೆ ಕೊಟ್ಟಿದ್ದರು. ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು.

ಕುಳ್ಳ ಆಳು. ಗೇಟಿನ ಚಕ್ರ ತಿರುವಿ ತಿರುವಿ ಬಲಗೈಯ ರಟ್ಟೆ ಎಡಗೈಗಿಂತ ದಪ್ಪವಾಗಿತ್ತು. ಅಂಗಿ ಹೊಲಿಯುವ ದರ್ಜಿ ಎರಡು ತೋಳಿಗೆ ಎರಡು ಅಳತೆ ತೆಗೆದುಕೊಳ್ಳುತ್ತಿದ್ದ. ಧೋತರದ ಅಂಚು ಸದಾ ಒದ್ದೆ. ಡಾಂಬರು ರಸ್ತೆಯಲ್ಲಿ ನಡೆಯುವಾಗಲೂ ಕೆಸರಿನಲ್ಲಿ ನಡೆದ ಹಾಗೆ ಮೊಣಕಾಲು ಮೇಲೆತ್ತಿ ಎತ್ತಿ ಇಡುವವರು. ಕಾಲುವೆಗೆ ವರ್ಷದ ಮೊದಲ ನೀರು ಬಂದ ದಿನ ಬೆರಳು ಅದ್ದಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅದನ್ನು ನೋಡಿ ನಾನು ಮೊದಮೊದಲು ಎಷ್ಟು ಭಕ್ತಿಯ ಮನುಷ್ಯ ಅಂದುಕೊಂಡಿದ್ದೆ. ಆ ಭಕ್ತಿಯೇ ನನ್ನ ಹಿತ್ತಲಿಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ನಮ್ಮ ಕ್ವಾರ್ಟರ್ಸುಗಳ ಹಿಂದೆ ಒಂದು ಸಣ್ಣ ಕಾಲುವೆ ಹಾಯುತ್ತದೆ. ಅದರ ನೀರನ್ನು ಮನೆಗಳು ಪಾಳಿಯ ಮೇಲೆ ಹಿತ್ತಲಿಗೆ ತಿರುಗಿಸಿಕೊಳ್ಳಬೇಕು. ನಮ್ಮ ಜೋಡಿ ಮನೆಗೆ ಮಂಗಳವಾರ ಮತ್ತು ಶನಿವಾರ, ಒಂದೊಂದು ತಾಸು. ತಿರುಗಿಸಿಕೊಳ್ಳದಿದ್ದರೆ ನೀರು ಮುಂದಿನ ಮನೆಗೆ ಹೋಗುತ್ತದೆ. ಎಷ್ಟು ಸರಳ ವ್ಯವಸ್ಥೆ. ಬೇಕಾದಾಗ ತಗೊಂಡರಾಯಿತು, ಬೇಡದಾಗ ಬಿಟ್ಟರಾಯಿತು. ಕಾಕಾಗೆ ಮಾತ್ರ ಬೇಡ ಎನ್ನುವ ದಿನವೇ ಇರಲಿಲ್ಲ.

ಈಗಲೂ ನೆನಪಿದೆ, ಆ ವರ್ಷದ ಭಾದ್ರಪದ. ನಾನು ರಾಮಸಮುದ್ರದ ತವರಿನಿಂದ ಅಪ್ಪ ಕಾದಿಟ್ಟ ಬದನೆ ಬೀಜ ತಂದು, ಸಸಿ ಎಬ್ಬಿಸಿ, ಇಪ್ಪತ್ತೆರಡು ಗಿಡ ನಾಟಿ ಮಾಡಿದ್ದೆ. ಕಾಕಾ ತಮ್ಮ ಕಡೆಗೆ ಮೆಣಸಿನಕಾಯಿ, ಟೊಮೆಟೊ, ಅವರೆ, ಮೆಂತ್ಯ ಹಾಕಿದ್ದರು. ವಾರವಿಡೀ ಜಡಿಮಳೆ ಹೊಡೆದು ನಮ್ಮ ಎರೆಮಣ್ಣು ಅಂಬಲಿಯ ಹಾಗಾಗಿತ್ತು. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಮಂಗಳವಾರ ಶಾಲೆಯಿಂದ ಬಂದು ನೋಡುತ್ತೇನೆ, ಕಾಕಾ ಸಲಿಕೆ ಹಿಡಿದು ಕಾಲುವೆಯ ಬಾಯಿ ಬಿಚ್ಚುತ್ತಿದ್ದಾರೆ.

"ಕಾಕಾ, ಇಷ್ಟು ಮಳಿ ಆಗ್ಯಾದ. ಇವತ್ತ ನೀರು ಬ್ಯಾಡ್ರಿ" ಅಂದೆ.

ಅವರು ತಲೆ ಎತ್ತಲಿಲ್ಲ. "ಮಳಿ ದೇವರದು, ಅಕ್ಕೋರ. ಪಾಳಿ ನಮ್ಮದು. ಬಿಟ್ಟ ಪಾಳಿ ಬರಂಗಿಲ್ಲ."

ಆ ಮಾತನ್ನು ಆ ವರ್ಷ ನಾನು ಎಷ್ಟು ಸಲ ಕೇಳಿದೆನೋ. ಸಿಟ್ಟು ಬಂದಾಗ ಒಂದು ಸಲ, ಯಾರು ಕಲಿಸಿದರು ನಿಮಗೆ ಇದನ್ನು ಅಂತ ಕೇಳಿಯೇಬಿಟ್ಟೆ. ಅವರು ಬೀಡಿ ಆರಿಸಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸತಿನಲ್ಲಿ ಮೇಲಿನಿಂದ ಹುಕುಂ ಬಂತೆಂದು ಗೇಟನ್ನು ಒಂದು ದಿನ ಮೊದಲೇ ಇಳಿಸಿದ್ದರಂತೆ. ಕಾಲುವೆಯ ಕೊನೆಗೆ ಹೊಲವಿದ್ದ ಒಬ್ಬ ಮುದುಕನ ಪಾಳಿ ಮರುದಿನ ಇತ್ತು. ಹದಿನೈದು ದಿನ ಬಿಟ್ಟು ಆ ಮುದುಕ ಒಣಗಿದ ಒಂದು ಮೆಣಸಿನ ಗಿಡ ಕಿತ್ತು ತಂದು ಗೇಟಿನ ಕಟ್ಟೆಯ ಮೇಲಿಟ್ಟು, ಬೈಯಲೂ ಇಲ್ಲವಂತೆ, ಬಿಟ್ಟ ಪಾಳಿ ಬರಂಗಿಲ್ಲ ಎಂಬ ಅದೊಂದೇ ಮಾತು ಹೇಳಿ ಹೋದನಂತೆ. ಕೇಳಿ ನನಗೂ ಪಾಪ ಅನ್ನಿಸಿತು. ಆದರೆ ಆ ಮುದುಕನ ಮೆಣಸಿನಕಾಯಿಗೆ ನನ್ನ ಬದನೆಕಾಯಿ ಯಾಕೆ ದಂಡ ತೆರಬೇಕು?

ಇನ್ನೊಂದು ಸಂಗತಿ ಹೇಳದಿದ್ದರೆ ನನ್ನ ಸಂಕಟ ತಿಳಿಯುವುದಿಲ್ಲ. ಹಿತ್ತಲಿನ ಇಳಿಜಾರು ಇದ್ದದ್ದು ನಮ್ಮ ಕಡೆಗೆ. ಕಾಕಾ ತಮ್ಮ ಮಡಿಗಳಿಗೆ ಬಿಟ್ಟ ನೀರೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನನ್ನ ಬದನೆಯ ಬುಡದಲ್ಲಿ. ನಾನು ನನ್ನ ಕಡೆಗೆ ನೀರು ಬೇಡವೆಂದು ಬದು ಕಟ್ಟಿದರೆ, ಪಾಪ ಅಕ್ಕೋರಿಗೆ ನೀರು ಹೋಗಿಲ್ಲವೆಂದು ಅವರೇ ಬಂದು ಬದು ಒಡೆದು ಕೊಡುವರು. ಅದೂ ಉಪಕಾರ ಮಾಡಿದ ಮುಖ ಮಾಡಿಕೊಂಡು. ಬೈಯುವುದಾದರೂ ಹೇಗೆ? ನೀರು ಎಷ್ಟಾಗಿದೆ ಎಂದು ನೋಡಲು ಅವರು ಮಡಿಯೊಳಗೆ ಇಳಿದು ನಿಲ್ಲುತ್ತಿದ್ದರು. ಕಾಲಿನ ಮೀನಗಂಡದ ತನಕ ಬಂದರೆ ಸಮಾಧಾನ.

ಸೀಗೆ ಹುಣ್ಣಿಮೆಯ ಹೊತ್ತಿಗೆ ಬದನೆ ಎಲೆ ಹಳದಿಯಾಗಿ ಜೋತುಬಿದ್ದವು. ಜೋತುಬಿದ್ದ ಎಲೆ ನೋಡಿ ಕಾಕಾ ಬಾಯಾರಿಕೆ ಆಗಿದೆ ಅಂದರು, ಮತ್ತೆರಡು ಕೊಡ ಸುರಿದರು. ಟೊಮೆಟೊ ಹೂವು ಬಿಟ್ಟು ಬಿಟ್ಟು ಉದುರಿಸಿತು. ಅವರೆ ಬಳ್ಳಿಯ ಬುಡ ಕೊಳೆಯಿತು. ಮೆಂತ್ಯ ಮೊಳೆತದ್ದು ಅಷ್ಟೇ. ಮೆಣಸಿನಕಾಯಿಗೆ ಮುಟುರು ರೋಗ ಬಂದು ಎಲೆ ಮುದುಡಿತು. ಎರಡು ದಿನ ಬಿಸಿಲು ಬಿದ್ದರೆ ಸಾಕು, ಮಣ್ಣಿನ ಮೇಲೆ ಬಿಳಿಯ ಸವಳು ಎದ್ದು ನಿಲ್ಲುತ್ತಿತ್ತು. ನಮ್ಮ ಸೀಮೆಯಲ್ಲಿ ಕಾಲುವೆ ಬಂದ ಮೇಲೆ ಎಷ್ಟೋ ಒಳ್ಳೆಯ ಹೊಲಗಳಿಗೆ ಹೀಗೇ ಉಪ್ಪು ಹತ್ತಿದೆ, ಅದನ್ನು ದಿನಾ ಕಣ್ಣಾರೆ ಕಾಣುವ ಮನುಷ್ಯ ಇವರು. ಆದರೆ ತಮ್ಮ ಹಿತ್ತಲಿಗೆ ಬಂದಾಗ ಒಂದೊಂದು ಗಿಡಕ್ಕೆ ಒಂದೊಂದು ನೆಪ. ಬೀಜ ಹಳೆಯದು. ನಾಟಿ ಮಾಡಿದ್ದು ಅಮಾವಾಸ್ಯೆ ಸಮೀಪ. ಕಾಗೆ. ಕೊನೆಗೆ ದೃಷ್ಟಿ ತಾಗಿದೆ ಎಂದು ಒಂದು ಹರಕು ಚಪ್ಪಲಿ ತಂದು ಕೋಲಿಗೆ ಕಟ್ಟಿ ನನ್ನ ಬದನೆಯ ನಡುವೆ ನೆಟ್ಟರು. ಸಾಯುವ ಗಿಡಕ್ಕೆ ಯಾರ ದೃಷ್ಟಿ ಕಾಕಾ ಅಂತ ಕೇಳಿದರೆ, ನಿಮ್ಮ ಸಿಟ್ಟಿನದೇ ಇರಬೇಕು ಅಂತ ನಕ್ಕರು.

ನಗುವ ಮುಖ ಇರಲಿಲ್ಲ ನನ್ನದು. ಈ ಸಲ ಸಾಕು, ಬರುವ ವರ್ಷ ನಡುವೆ ಗೋಡೆ ಹಾಕಿಸಿ ನನ್ನ ಹಿತ್ತಲು ನಾನು ಬೇರೆ ಮಾಡಿಕೊಳ್ಳುತ್ತೇನೆ ಅಂದುಬಿಟ್ಟೆ.

"ಬರೋ ವರ್ಷ ನಾ ಎಲ್ಲಿರ್ತೀನ್ರಿ ಅಕ್ಕೋರ" ಅಂದರು ಕಾಕಾ. "ಬ್ಯಾಸಗಿಗಿ ರಿಟೈರ್ ಆಗ್ತೀನಿ. ಮನಿ ಬಿಡಬೇಕು. ನನಗ ಇದೊಂದ ಅಮಾಸಿ ಉಳದಾದ."

ಯಾವ ಅಮಾವಾಸ್ಯೆ ಎಂದು ಕೇಳಬೇಕಾಗಿರಲಿಲ್ಲ. ನಮ್ಮ ಕಡೆ ಹಾಗೆ ಅಂದರೆ ಎಳ್ಳ ಅಮಾವಾಸ್ಯೆ. ಹೊಲ ಇದ್ದವರು ಅಂದು ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದದ್ದನ್ನೆಲ್ಲ ಕೂಡಿಸಿ ಕುದಿಸಿದ ಬಜ್ಜಿ, ಸಜ್ಜೆ ರೊಟ್ಟಿ, ಕಡುಬು ಭೂಮಿತಾಯಿಗೆ ಎಡೆ ಮಾಡಿ, ಅದನ್ನೇ ಚರಗ ಎಂದು ಬೆಳೆಯ ಮೇಲೆಲ್ಲ ಚೆಲ್ಲಿ, ಬಂದವರಿಗೆಲ್ಲ ಉಣಿಸುತ್ತಾರೆ. ಕಾಕಾಗೆ ಹೊಲ ಇರಲಿಲ್ಲ. ಅವರ ಅಪ್ಪನಿಗೂ ಇರಲಿಲ್ಲ. ಸರ್ಕಾರದ ಈ ಹಿತ್ತಲೇ ಅವರು ನನ್ನದು ಎಂದು ಕೈಯಿಟ್ಟ ಮೊದಲ ಮಣ್ಣು. ಪ್ರತಿವರ್ಷ ಅಮಾವಾಸ್ಯೆಗೆ ಇದೇ ಎರಡು ಗೇಣು ಜಾಗದಲ್ಲಿ ಚರಗ ಚೆಲ್ಲಿ, ಹಿತ್ತಲಿನ ಕಾಯಿಪಲ್ಲೆಯ ಬಜ್ಜಿ ಮಾಡಿ ನಮಗೂ ಒಂದು ಬೋಗುಣಿ ಕೊಡುತ್ತಿದ್ದರು. ಚಲೋ ಇರುತ್ತಿತ್ತು. ಮಳೆ ಕಡಿಮೆ ಇದ್ದ ಆ ವರ್ಷಗಳಲ್ಲಿ ಅವರ ಪಾಳಿಯ ಹುಚ್ಚು ಗಿಡಕ್ಕೆ ನಡೆದುಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆ ಸಂಜೆ ಅವರು ಅಕ್ಕನ ಸುದ್ದಿ ತೆಗೆದರು. ಹುಣಸಗಿ ಕಡೆಯ ಹಳ್ಳಿಯಲ್ಲಿ ಅವರ ಅಕ್ಕ ಇದ್ದಳು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಹುಟ್ಟಿದಾರಭ್ಯ ಕಂಡವರ ಹೊಲದಲ್ಲಿ ಕೂಲಿ ಮಾಡಿದವಳು. ಅಮಾವಾಸ್ಯೆಯ ದಿನ ಧಣಿಯ ಹೊಲಕ್ಕೆ ಇವರಿಬ್ಬರೂ ಹೋಗುತ್ತಿದ್ದರಂತೆ. ನೀರು ಹೊರುವುದು, ಕಟ್ಟಿಗೆ ತರುವುದು, ಕೆಲಸವೆಲ್ಲ ಇವರದು. ಊಟದ ಹೊತ್ತಿಗೆ ಬದುವಿನ ಆಚೆ ಕೂಡಬೇಕು. ಎಲ್ಲರದೂ ಆದ ಮೇಲೆ ಉಳಿದದ್ದನ್ನು, ಕೈ ತಾಗದ ಹಾಗೆ, ಮೇಲಿನಿಂದ ಹಾಕುತ್ತಿದ್ದರಂತೆ. ಒಮ್ಮೆ ಬಿಸಿ ಬಜ್ಜಿ ಅಕ್ಕನ ಮುಂಗೈ ಮೇಲೆ ಬಿದ್ದು ಬೊಬ್ಬೆ ಎದ್ದಿತ್ತಂತೆ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲವಂತೆ, ತಮ್ಮನ ಪಾಲು ಚೆಲ್ಲಿ ಹೋದೀತು ಎಂದು.

ಕ್ಯಾಂಪಿಗೆ ಬಂದಾಗಿನಿಂದ ಅಮಾವಾಸ್ಯೆಗೆ ಬಾ ಎಂದು ಕಾಕಾ ಅವಳನ್ನು ಕರೆಯುತ್ತಲೇ ಇದ್ದರು. ಅವಳಿಗೆ ಅಂದೇ ಧಣಿಯ ಮನೆಯ ಕೆಲಸ. ಈ ವರ್ಷ ಮೈ ಸೋತು ಕೂಲಿ ಬಿಟ್ಟಿದ್ದಳು, ಬರುತ್ತೇನೆ ಅಂದಿದ್ದಳು. ಒಂದು ಕರಾರಿನ ಮೇಲೆ. ಕಾಕಾ ಅವಳ ದನಿಯಲ್ಲೇ ಹೇಳಿದರು: "ನಿನ್ನ ಮಣ್ಣಾಗ ಬೆಳದದ್ದು ಉಣಸ್ತಿ ಅಂದ್ರ ಬರ್ತೀನಿ. ಸಂತಿದು ಉಣ್ಣಾಕ ನಮ್ಮೂರಾಗೂ ಸಂತಿ ಅದ."

ರಾಮಸಮುದ್ರದಲ್ಲಿ ನಮ್ಮಪ್ಪನ ಹೊಲಕ್ಕೂ ಒಂದು ಬದು ಇತ್ತು, ಅಮಾವಾಸ್ಯೆಯ ದಿನ ಅದರ ಆಚೆಗೂ ಜನ ಕೂಡುತ್ತಿದ್ದರು. ನಾನು ಲಂಗ ಎತ್ತಿಕೊಂಡು ಆ ಬದುವಿನ ಮೇಲೆ ಓಡಾಡಿದವಳು. ಆಚೆ ಕೂತವರ ಮುಖ ಒಂದೂ ನೆನಪಿಲ್ಲ. ನಾಚಿಕೆಯಾಯಿತು.

ನಾಚಿಕೆ ಒಂದು ಕಡೆ, ಸಿಟ್ಟು ಒಂದು ಕಡೆ. ಇಷ್ಟು ದೊಡ್ಡ ಮಾತು ಈ ಕಾಯಿಪಲ್ಲೆಯ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ಹೀಗೆ ಮುಳುಗಿಸಿ ಕೊಲ್ಲುತ್ತಾರಲ್ಲ! ಅಂದಿನಿಂದ ನಾನು ಆ ಹಿತ್ತಲಿಗೆ ಗಂಟುಬಿದ್ದೆ. ಬುಡಕ್ಕೆ ಬೂದಿ ಹಾಕಿದೆ. ಬದನೆಗೆ ಮಣ್ಣು ಏರಿಸಿ ದಿಂಡು ಮಾಡಿದೆ. ಕೈಮುಗಿದು ಹೇಳಿದೆ, ಗದರಿಸಿ ಹೇಳಿದೆ. ಒಂದು ಶನಿವಾರ ಸಲಿಕೆಯನ್ನೇ ನಮ್ಮ ಮಂಚದ ಕೆಳಗೆ ಬಚ್ಚಿಟ್ಟೆ. ಶಾಲೆಯಿಂದ ಬರುವಷ್ಟರಲ್ಲಿ ಊಟದ ತಾಟಿನಿಂದ ಮಣ್ಣು ತೋಡಿ ನೀರು ತಿರುಗಿಸಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಕೃಷಿ ಕಾಲೇಜಿನ ಮೇಷ್ಟ್ರೊಬ್ಬರನ್ನು ಕರೆದು ತೋರಿಸಿದೆ. ಅವರು ಮಣ್ಣು ಮುಟ್ಟಿ ನೋಡಿ, ಒಂದು ತಿಂಗಳು ನೀರು ನಿಲ್ಲಿಸಿ ಅಂತ ಹೇಳಿ ಹೋದರು. ಕಾಕಾ ಅವರಿಗೆ ಚಹಾ ಕೊಟ್ಟು, ಅವರು ಹೋದ ಮೇಲೆ, ಪಾಪ, ಓದಿದವರು, ಬಾಯಾರಿಕೆ ಕಂಡಿಲ್ಲ ಅಂದರು.

ಅಮಾವಾಸ್ಯೆಗೆ ಎರಡು ದಿನವಿದ್ದಾಗ ಹಿತ್ತಲಿನಲ್ಲಿ ನಿಂತು ನೋಡಿದೆ. ಇಪ್ಪತ್ತೆರಡು ಬದನೆಯಲ್ಲಿ ಐದು ಉಳಿದಿದ್ದವು, ಐದರಲ್ಲಿ ಮೂರು ಕಾಯಿ, ಅದರಲ್ಲೊಂದು ಹುಳುಕು. ಒಂದು ಹಿಡಿ ಮೆಣಸಿನಕಾಯಿ. ಕಾಲುವೆಯ ಬಾಯಿಯ ಹತ್ತಿರ ಮೊಣಕಾಲುದ್ದ ಕಳೆ ಮಾತ್ರ ಸೊಕ್ಕಿ ನಿಂತಿತ್ತು. ಅದನ್ನು ಕೀಳಿರಿ ಕೀಳಿರಿ ಎಂದು ಮೂರು ತಿಂಗಳಿಂದ ಹೇಳಿ ಸೋತಿದ್ದೆ. ಕಾಕಾ ಆ ಮೂರು ಬದನೆಕಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನೆಪ ಮುಗಿದಿದ್ದವು. ಅಕ್ಕನಿಗೆ ಬರಬೇಡವೆಂದು ಹೇಳಿಕಳಿಸಲೇ ಎಂದು ಕೇಳಿದೆ, ಬೇಡವೆಂದು ತಲೆ ಅಲ್ಲಾಡಿಸಿದರು.

ಮರುದಿನ ನಾನೇ ಶಹಾಪುರಕ್ಕೆ ಹೋಗಿ ಒಂದು ಚೀಲ ಕಾಯಿಪಲ್ಲೆ ತಂದೆ. ಬದನೆ, ಅವರೆ, ಹಸಿ ತೊಗರಿ, ಮೆಂತ್ಯ, ಗಜ್ಜರಿ, ಬಜ್ಜಿಗೆ ಬೇಕಾದದ್ದೆಲ್ಲ. ಚೀಲ ಅವರ ಅಡುಗೆಮನೆಯಲ್ಲಿಟ್ಟು, ಹಿತ್ತಲಿನದೆಂದು ಹೇಳಿರಿ, ವಯಸ್ಸಾದ ಜೀವ, ಅವರಿಗೇನು ತಿಳಿಯುತ್ತದೆ ಅಂದೆ. ಬೇಡ ಅನ್ನುತ್ತಾರೆ, ಜಗಳವಾಡಬೇಕಾಗುತ್ತದೆ ಎಂದು ತಯಾರಾಗಿ ಬಂದಿದ್ದೆ. ಅವರು ಚೀಲ ನೋಡಿ, ಆಗಲಿ ಅಂದರು. ಅಷ್ಟೇ. ಆ ಒಂದು ಮಾತಿಗೆ ನನಗೆ ಬಂದ ಸಿಟ್ಟು ಇಡೀ ವರ್ಷದ ನೀರಿಗೂ ಬಂದಿರಲಿಲ್ಲ. ಮೂರು ತಿಂಗಳು ಯಾರ ಮಾತಿಗೂ ಬಗ್ಗದ ಮನುಷ್ಯ, ಬಗ್ಗಬಾರದ ಕಡೆ ಬಗ್ಗಿಬಿಟ್ಟರಲ್ಲ.

ಅಮಾವಾಸ್ಯೆ ಶನಿವಾರ ಬಂದಿತ್ತು. ಮೊದಲ ಬಸ್ಸಿಗೆ ಅಕ್ಕ ಬಂದಳು. ಒಣಕಲು ದೇಹ, ಸೊಂಟ ಬಾಗಿದೆ, ಕಂಕುಳಲ್ಲಿ ಸಜ್ಜೆ ರೊಟ್ಟಿಯ ಗಂಟು. ಬಂದವಳು ಮನೆಯೊಳಗೆ ಕಾಲಿಡಲಿಲ್ಲ. ಕೈಕಾಲು ತೊಳೆಯಲು ಕಾಕಾ ತಂದ ನೀರನ್ನೂ ಮುಟ್ಟಲಿಲ್ಲ. ಮೊದಲು ಹೊಲ ತೋರಿಸು ಅಂದಳು. ಹಿತ್ತಲನ್ನು ಅವಳು ಹೊಲ ಅಂದದ್ದು ಕೇಳಿ ಕಾಕಾ ನನ್ನ ಮುಖ ನೋಡಿದರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

ಅವಳು ಒಂದು ಸುತ್ತು ಹಾಕಿದಳು. ಬಾಗಿ ಒಂದು ಹೆಂಟೆ ಮಣ್ಣು ತೆಗೆದು ಹಿಚುಕಿ, ಮೂಸಿ, ಬೆರಳಿಗೆ ಹತ್ತಿದ ಸವಳನ್ನು ನಾಲಿಗೆಗೆ ಇಟ್ಟು ಉಗುಳಿದಳು.

"ಖೋಡಿ" ಅಂದಳು ತಮ್ಮನಿಗೆ. "ನೀರು ಬರಾಕ ದಾರಿ ಮಾಡೀದಿ. ಹೋಗಾಕ ದಾರಿ ಎಲ್ಲದ?"

ಮೂರು ತಿಂಗಳು ನಾನು ಬಾಯಿ ಹರಿದುಕೊಂಡದ್ದನ್ನು ಆ ಮುದುಕಿ ಎರಡು ಮಾತಿನಲ್ಲಿ ಮುಗಿಸಿದಳು. ಕಾಕಾ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತರು. ಆಮೇಲೆ ತಾವಾಗಿಯೇ ಬಾಯಿ ಬಿಟ್ಟರು: "ಯಕ್ಕಾ, ಏನೂ ಬೆಳದಿಲ್ಲ. ಒಳಗ ಸಂತಿ ಚೀಲ ಅದ. ನಂದೇ ಅಂತ ಸುಳ್ಳು ಹೇಳಾಂವ ಇದ್ದೆ."

ಚೀಲ ತಂದವಳು ನಾನು ಎಂದು ಹೇಳಬೇಕೆಂದುಕೊಂಡೆ. ಅಕ್ಕ ತಮ್ಮನ ಮಾತು ಕೇಳಿದಳೋ ಇಲ್ಲವೋ, ಸೀರೆಯ ನೆರಿಗೆ ಎತ್ತಿ ಕಟ್ಟಿ ಸೀದಾ ಕಾಲುವೆಯ ಬಾಯಿಯ ಹತ್ತಿರದ ಕಳೆಯೊಳಗೆ ಇಳಿದಳು.

"ಇದನ್ನ ಯಾರು ಹಾಕ್ಯಾರ?" ಅಂದಳು.

"ಯಾರೂ ಹಾಕಿಲ್ಲ. ತಾನ ಹುಟ್ಯಾದ."

"ನಿನ್ನ ಮಣ್ಣಾಗ ಹುಟ್ಯಾದ, ಇಲ್ಲೋ?"

ಕಾಕಾ ಹೂಂ ಅಂದರು. ಅಕ್ಕ ಉಡಿಯೊಡ್ಡಿ ಕೀಳತೊಡಗಿದಳು. ತಾನಾಗಿ ಹುಟ್ಟುವ ಹೊನಗೊನಿ, ಕಿರಕಸಾಲಿ ಸೊಪ್ಪು, ಯಾವಾಗಲೋ ಬಿದ್ದ ಬೀಜದಿಂದ ಬೇಲಿಯ ಬುಡದಲ್ಲಿ ಎದ್ದಿದ್ದ ನಾಲ್ಕು ಪುಂಡಿ ಗಿಡದ ಸೊಪ್ಪು. ನಾನು ಕಳೆ ಎಂದು ಬೈದದ್ದೆಲ್ಲ ಅವಳ ಉಡಿ ಸೇರಿತು. ಬಡವರ ಮನೆಯಲ್ಲಿ ಎಷ್ಟೋ ದಿನ ಇದೇ ಊಟ ಎಂಬುದನ್ನು ನಾನು ಮರೆತಿದ್ದೆ, ಕ್ಯಾಂಪಿನ ಗಾಳಿಗೆ ಕಾಕಾನೂ ಮರೆತಿದ್ದರು. ಎರಡು ಬದನೆಕಾಯಿ, ಒಂದು ಹಿಡಿ ಮೆಣಸಿನಕಾಯಿ ಕೂಡಿಸಿ, ಕಡಲೆ ಹಿಟ್ಟು ಹುಣಸೆ ಹುಳಿ ಹಾಕಿ ಅವಳೇ ಬಜ್ಜಿ ಕುದಿಸಿದಳು. ಸಂತೆಯ ಚೀಲವನ್ನು ಕಾಲಿನಿಂದ ನನ್ನ ಕಡೆ ಸರಿಸಿ, ಅಕ್ಕೋರ, ಇದು ನಿಮ್ಮ ಮನಿಗಿ ಒಯ್ರಿ ಅಂದಳು. ಅವಳಿಗೆ ಎಲ್ಲ ತಿಳಿದಿತ್ತು.

ಚರಗ ಚೆಲ್ಲುವಾಗ ಮುಂದೆ ಒಬ್ಬರು ಎಡೆಯ ಅನ್ನ ಚೆಲ್ಲುತ್ತಾ ಹೋದರೆ, ಹಿಂದೆ ಒಬ್ಬರು ಚೆಂಬಿನಿಂದ ನೀರು ಚಿಮುಕಿಸುತ್ತಾ ಹೋಗಬೇಕು. ಅಕ್ಕ ಮುಂದೆ ನಡೆದಳು. ಹಿಂದೆ ತಿರುಗಿ ನೋಡುತ್ತಾಳೆ, ಕಾಕಾ ಬಕೆಟ್ ಹಿಡಿದು ನಿಂತಿದ್ದಾರೆ. ಅವಳು ಬಕೆಟ್ ಕಿತ್ತುಕೊಂಡು ಚೆಂಬು ಕೈಗಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ, ಆ ವರ್ಷ ಹಿತ್ತಲಿನಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಬೇವಿನ ನೆರಳಿಗೆ ಚಾಪೆ ಹಾಕಿದರು. ಅಕ್ಕ ರೂಢಿಯಂತೆ ಚಾಪೆ ಬಿಟ್ಟು ಹಿತ್ತಲಿನ ಅಂಚಿಗೆ ಹೋಗಿ ಕೂತಳು. ಕಾಕಾ ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿ ಕರೆತಂದು ನಡುವೆ ಕೂರಿಸಿದರು. ತಾವು ಎದುರಿಗೆ ಮಂಡಿಯೂರಿ, ತಾಟನ್ನು ಅವಳ ಕೈಗೆ ತಾಗಿಸಿ ಕೊಟ್ಟು, ಬಗ್ಗಿ, ಬಜ್ಜಿಯನ್ನು ಸೌಟು ತಾಟಿಗೆ ಮುಟ್ಟುವ ಹಾಗೆ ನೀಡಿದರು. ನಾನು, ನನ್ನ ಯಜಮಾನರು ಆ ಕಡೆ ಈ ಕಡೆ ಕೂತಿದ್ದೆವು. ಅವಳು ಉಣ್ಣುವ ತನಕ ಯಾರೂ ತುತ್ತು ಎತ್ತಲಿಲ್ಲ. ಮುರಿದ ರೊಟ್ಟಿ ಬಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟು ಅಕ್ಕ, ಉಪ್ಪು ಕಮ್ಮಿ ಆಗ್ಯಾದ ಅಂದಳು. ಆ ಸವಳು ಮಣ್ಣಿನ ಮೇಲೆ ಕೂತು.

ಅಷ್ಟರಲ್ಲಿ ಕಾಲುವೆಯಲ್ಲಿ ನೀರು ಬಂದ ಸದ್ದಾಯಿತು. ಶನಿವಾರ, ನಮ್ಮ ತಾಸು. ಈಗ ಎದ್ದು ಸಲಿಕೆ ಹಿಡಿಯುತ್ತಾರೆ, ಎಲ್ಲ ಕೆಡುತ್ತದೆ ಅಂದುಕೊಂಡೆ. ಕಾಕಾ ಕತ್ತು ಹೊರಳಿಸಿ ಅತ್ತ ನೋಡಿದರು. ಕೈಯಲ್ಲಿ ಸೌಟು ಹಾಗೇ ಇತ್ತು. ನನಗೇ ತಡೆಯಲಾಗದೆ, ಕಾಕಾ, ಪಾಳಿ ಅಂದೆ.

"ಕೇಳಸ್ತದ್ರಿ" ಅಂದರು. "ಅಕ್ಕ ಉಣ್ಣಾಕತ್ಯಾಳ."

ನೀರು ನಮ್ಮ ಹಿತ್ತಲಿನ ಬಾಯಿ ದಾಟಿ ಮುಂದಿನ ಮನೆಗೆ ಹೋಯಿತು. ಕಾಕಾ ಮತ್ತೊಂದು ಸೌಟು ಬಜ್ಜಿ ನೀಡಿದರು. ನಾನು ಅವರನ್ನು ಬಲ್ಲ ಇಷ್ಟೂ ವರ್ಷಗಳಲ್ಲಿ ಅವರು ಬಿಟ್ಟ ಪಾಳಿ ಅದೊಂದೇ. ನಾನು ತಲೆ ತಗ್ಗಿಸಿ ಉಂಡೆ, ಕಣ್ಣೀರು ಯಾರಿಗೂ ಕಾಣಬಾರದೆಂದು.

ಇಷ್ಟಕ್ಕೆ ಕಾಕಾ ಬುದ್ಧಿ ಕಲಿತರು ಎಂದುಕೊಳ್ಳಬೇಡಿ. ಅಕ್ಕ ನೀರು ಹೋಗಲು ದಾರಿ ಎಲ್ಲಿ ಎಂದು ಕೇಳಿದ್ದಳಲ್ಲ, ಅಂದಿನಿಂದ ದಾರಿಯ ಹುಚ್ಚು ಹಿಡಿಯಿತು. ಸಂಕ್ರಾಂತಿಯಿಂದ ಬೇಸಿಗೆಯ ತನಕ ಡ್ಯೂಟಿ ಮುಗಿಸಿ ಬಂದು ಬಸಿಗಾಲುವೆ ಅಗೆದರು. ಮೊಣಕಾಲು ಆಳ, ಹಿತ್ತಲಿನ ಮೇಲಿನ ಮೂಲೆಯಿಂದ ಕೆಳಗಿನ ಹಳ್ಳದ ತನಕ. ಅದು ನನ್ನ ಬಟ್ಟೆ ಒಗೆಯುವ ಕಲ್ಲನ್ನು ಕಿತ್ತಿತು, ಮಲ್ಲಿಗೆಯ ಬೇರು ಕತ್ತರಿಸಿತು, ಎರಡು ಸಲ ನಾನು ಬಕೆಟ್ ಸಮೇತ ಅದರೊಳಗೆ ಬಿದ್ದೆ. ಬಿಟ್ಟುಹೋಗುವ ಮನೆಗೆ ಯಾಕೆ ಇಷ್ಟು ದುಡಿಯುತ್ತೀರಿ ಅಂದರೆ, ನೀರು ತಂದವ ನೀರು ಕಳಿಸಿ ಹೋಗಬೇಕಲ್ಲ ಅಂದರು. ತಳಕ್ಕೆ ಹೆಂಚಿನ ಚೂರು, ಗರಸು ಹಾಸಿ ಮುಗಿಸಿದ ವಾರವೇ ನಿವೃತ್ತಿಯಾದರು. ಕಚೇರಿಯಲ್ಲಿ ಹಾಕಿದ ಹಾರ ತಂದು ನನ್ನ ಕಿಟಕಿಗೆ ಸಿಕ್ಕಿಸಿ, ಹುಣಸಗಿ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದರು. ಹಿತ್ತಲಿನಿಂದ ಒಂದು ಕಾಯಿಯನ್ನೂ ಒಯ್ಯಲಿಲ್ಲ, ಒಯ್ಯಲು ಇದ್ದರೆ ತಾನೆ.

ಮರುವರ್ಷ ನಾನು ಅದೇ ಬೀಜ ಹಾಕಿದೆ. ಮಳೆಗಾಲದ ನೀರು ಬಸಿಗಾಲುವೆ ಹಿಡಿದು ಹೋಯಿತು, ಸವಳೂ ಬಹಳಷ್ಟು ಅದರ ಜೊತೆಗೆ ತೊಳೆದು ಹೋಯಿತು. ಬದನೆ ಹೇಗೆ ಬಂತೆಂದರೆ ಓಣಿಗೆಲ್ಲ ಹಂಚಿದರೂ ಮುಗಿಯಲಿಲ್ಲ. ಆರಿಸಿದ ಕಾಯಿಗಳನ್ನು ಒಂದು ಬುಟ್ಟಿ ತುಂಬಿ, ಮೇಲೆ ಬಟ್ಟೆ ಕಟ್ಟಿ, ಪರಿಚಯದ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದೆ. ನಿಜ ಹೇಳುತ್ತೇನೆ, ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾದಿದ್ದೆ. ಅಕ್ಕೋರೇ, ನೀವು ಹೇಳಿದ್ದು ಖರೇ ಇತ್ತು ಅನ್ನಲಿ, ಅಷ್ಟೇ ಸಾಕಿತ್ತು ನನಗೆ. ಮೂರನೆಯ ದಿನ ಕಂಡಕ್ಟರ್ ಖಾಲಿ ಬುಟ್ಟಿ ತಂದುಕೊಟ್ಟು ಕಾಕಾ ಹೇಳಿಕಳಿಸಿದ್ದನ್ನು ಹಾಗೇ ಒಪ್ಪಿಸಿದ.

"ಕಾಯಿ ಸಣ್ಣ ಅದಾವಂತ್ರಿ. ನೀರು ಸಾಲದಾಗ್ಯಾದಂತ. ಪಾಳಿ ಬಿಡಬ್ಯಾಡ್ರಿ ಅಂತ ಹೇಳ್ಯಾರ."

ಆ ಬುಟ್ಟಿಯನ್ನು ಎತ್ತಿ ಎಸೆದೆ. ಯಜಮಾನರು ಬಿದ್ದುಬಿದ್ದು ನಕ್ಕರು. ಕಾಕಾನಿಂದ ನನಗೆ ಬಂದ ಕೊನೆಯ ಮಾತು ಅದೇ ಆಗುತ್ತದೆ ಎಂದು ಗೊತ್ತಿದ್ದರೂ ಎಸೆಯುತ್ತಿದ್ದೆ, ಅಷ್ಟು ಉರಿದಿತ್ತು.

ಹೋದ ತಿಂಗಳು ಒಂದು ಮಂಗಳವಾರ ಕಾಕಾನ ಮಗಳು ಯಜಮಾನರ ಕಚೇರಿಗೆ ಫೋನು ಮಾಡಿ ಸುದ್ದಿ ಹೇಳಿದಳು. ಹಿಂದಿನ ದಿನ ಬೆಳಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋಗಿದ್ದರು, ಮಣ್ಣೂ ಆಗಿತ್ತು. ಮೂರು ದಿನದಿಂದ ಜಿಟಿಜಿಟಿ ಮಳೆ. ಹಿತ್ತಲಿನಲ್ಲಿ ಹೊಸದಾಗಿ ನಾಟಿ ಮಾಡಿದ ಬದನೆ, ಕಾಲಿಟ್ಟರೆ ಇಳಿಯುವ ಮಣ್ಣು. ಒಂದು ಹನಿ ನೀರು ಬೇಕಾಗಿರಲಿಲ್ಲ. ಹಿಂಬಾಗಿಲಲ್ಲಿ ನಿಂತಿದ್ದೆ, ಕಾಲುವೆಯಲ್ಲಿ ನೀರು ಬಂತು.

ಹಾಳಾಗಿ ಹೋಗಲಿ ಎಂದು ಸಲಿಕೆ ತೆಗೆದುಕೊಂಡು ಹೋಗಿ ಬಾಯಿ ಬಿಚ್ಚಿದೆ. ನೀರು ನುಗ್ಗಿ ಬಂತು, ಮಡಿ ತುಂಬಿತು, ಸಸಿಗಳ ಕುತ್ತಿಗೆಗೆ ಬಂತು. ನಾನು ಸೀರೆ ಎತ್ತಿ ನಡುವೆ ಇಳಿದು ನಿಂತೆ, ಮೀನಗಂಡದ ತನಕ ಬರಲಿ ಎಂದು. ನಿಂತುಕೊಂಡೇ ಅವರನ್ನು ಬಾಯಿಗೆ ಬಂದಂತೆ ಬೈದೆ, ಬೈಯುತ್ತಾ ಬೈಯುತ್ತಾ ಅತ್ತೆ. ತಾಸು ಮುಗಿದ ಮೇಲೆ ಬಾಯಿ ಮುಚ್ಚಿದೆ. ಮಡಿಯ ನೀರು ಸಾವಕಾಶ ಅವರು ಅಗೆದ ದಾರಿ ಹಿಡಿದು ಹಳ್ಳದ ಕಡೆ ಇಳಿದುಹೋಯಿತು.

ಗಿಡ ಒಂದೂ ಸಾಯಲಿಲ್ಲ.